ಡೇನಿಶರ ಸರಪಳಿ ನಮ್ಮ ಸರಪಳಿ ಅಲ್ಲ

ಕ್ರೋಶಾ ಕ್ಲಾಸಿಗೆ ಬರುವವರೊಬ್ಬರು ಹೋದ ವಾರ ಮಗುವಿನ ಟೋಪಿ ತಂದು ತೋರಿಸಿದರು. ಡೇನಿಶ್ ಪ್ಯಾಟರ್ನ್ ನೋಡಿ ಹಾಕಿದ್ದು. "ಮೇಡಂ, ಸುತ್ತು ಕೂಡೋ ಕಡೆಯೆಲ್ಲ ತೂತು ಬಿದ್ದಿದೆ, ಯಾಕೆ?"

ಪ್ಯಾಟರ್ನ್ ಇಸ್ಕೊಂಡು ನೋಡಿದೆ. ಪ್ರತಿ ಸುತ್ತಿನ ಕೊನೆಗೂ ಒಂದು 'ಕೇದೆಮಾಸ್ಕೆ' ಎಂದಿತ್ತು. ಡೇನಿಶ್‌ನಲ್ಲಿ ಕೇದೆ ಅಂದರೆ ಸರಪಳಿ. ಇವರು ನಿಘಂಟು ನೋಡಿ, ಸುಮ್ನೆ ಒಂದು ಚೈನ್ ಹಾಕಿ ಮುಂದೆ ಹೋಗಿದ್ದಾರೆ. ಆದರೆ ಕೇದೆಮಾಸ್ಕೆ ಅಂದರೆ ನಮ್ಮ ಸ್ಲಿಪ್ ಸ್ಟಿಚ್, ಸುತ್ತಿನ ಕೊನೆಯನ್ನು ಅದರ ಮೊದಲಿಗೆ ಕೂಡಿಸುವ ಹೊಲಿಗೆ. ಅದಿಲ್ಲದೆ ಸುತ್ತು ಕೂಡುವುದಿಲ್ಲ, ತೂತು ಉಳಿಯುತ್ತದೆ. ನಾವು ಚೈನ್ ಅನ್ನುವುದನ್ನು ಅವರು 'ಲುಫ್ತ್‌ಮಾಸ್ಕೆ' ಅನ್ನುತ್ತಾರೆ. ಲುಫ್ತ್ ಎಂದರೆ ಗಾಳಿ.

ಮೊದಲ ಸಲ ಓದಿದಾಗ ನನಗೂ ನಗು ಬಂದಿತ್ತು. ಕಡ್ಡಿ ಹಿಡಿದು ಹಾಕಿ ನೋಡಿ, ಸರಿ ಅನಿಸುತ್ತದೆ. ಚೈನ್ ಹಾಕುವಾಗ ಕಡ್ಡಿ ಕೆಳಗಿನ ಸಾಲಿಗೆ ಇಳಿಯುವುದೇ ಇಲ್ಲ, ಕುಣಿಕೆ ಗಾಳಿಯಲ್ಲೇ ತೂಗುತ್ತದೆ. ಸ್ಲಿಪ್ ಸ್ಟಿಚ್ಚನ್ನು ಸಾಲಾಗಿ ಹಾಕಿ ಮೇಲಿಂದ ನೋಡಿದರೆ ಬಟ್ಟೆಗೆ ಅಂಟಿಕೊಂಡು ಮಲಗಿದ ಸರಪಳಿ ಕಾಣುತ್ತದೆ. ಜರ್ಮನ್ನರೂ ಹೀಗೇ: ಲುಫ್ಟ್‌ಮಾಶೆ, ಕೆಟ್‌ಮಾಶೆ.

ಮಾಸ್ಕೆ ಎಂದರೆ ಮುಖವಾಡ ಅಲ್ವಾ ಎಂದು ಕೇಳುವವರಿದ್ದಾರೆ. ಆ ಅರ್ಥದ ಮಾಸ್ಕೆಯೂ ಡೇನಿಶ್‌ನಲ್ಲಿದೆ, ಆದರೆ ಅದು ಬೇರೆ ಪದ. ಹೆಣಿಗೆಯ ಮಾಸ್ಕೆ ಬಲೆಯ ಕಣ್ಣು, ಕುಣಿಕೆ. ಇಂಗ್ಲಿಷಿನ 'ಮೆಶ್' ಇದರ ದಾಯಾದಿ.

ಇನ್ನು ಈ ಕೆಲಸಕ್ಕೇ ಅವರಿಟ್ಟ ಹೆಸರು 'ಹೆಕ್ಲೆ'. ಜರ್ಮನ್ನರ 'ಹೇಕೆಲ್ನ್'ನಿಂದ ಬಂದದ್ದು, ಅದರ ಬೇರು ಹಾಕೆನ್, ಅಂದರೆ ಕೊಕ್ಕೆ. ತಮಾಷೆ ಇರುವುದು ಇಲ್ಲಿ. ಡೇನಿಶ್‌ನಲ್ಲೇ ಕೊಕ್ಕೆಗೆ 'ಕ್ರೋಗ್' ಎಂಬ ಪದವಿದೆ, ಉತ್ತರ ಯುರೋಪಿನ ಹಳೆಯ ಭಾಷೆಯಾದ ನಾರ್ಸ್‌ನ 'ಕ್ರೋಕ್ರ್'ನಿಂದ ಬಂದದ್ದು. ಫ್ರೆಂಚರ 'ಕ್ರೋಕ್' ಕೂಡ ಅಲ್ಲಿಂದಲೇ ಹೋದದ್ದು ಎಂದು ಪದಕೋಶಗಳು ಹೇಳುತ್ತವೆ. ಅದೇ 'ಕ್ರೋಶೆ', ಪುಟ್ಟ ಕೊಕ್ಕೆ, ಆಗಿ ಇಂಗ್ಲಿಷಿಗೆ ಸೇರಿತು. ನಮ್ಮ ಬಾಯಲ್ಲಿ ಕ್ರೋಶಾ ಆಯಿತು. ಉತ್ತರದವರ ಕೊಕ್ಕೆ ನಮ್ಮ ಉಲ್ಲನ್ ಡಬ್ಬಿವರೆಗೂ ಬಂತು. ಡೇನಿಶರು ಮಾತ್ರ ಪಕ್ಕದ ಮನೆಯಿಂದ ಹೆಸರು ಕಡ ತಂದರು!

ಡಬಲ್ ಕ್ರೋಶಾ, ಅಂದರೆ ಎತ್ತರಕ್ಕೆ ನಿಲ್ಲುವ ಹೊಲಿಗೆ, ಅವರಿಗೆ 'ಸ್ಟಾಂಗ್‌ಮಾಸ್ಕೆ'. ಸ್ಟಾಂಗ್ ಎಂದರೆ ಕೋಲು, ಗಳ. ಮರಾಠಿ ಹೆಂಗಸರು ಇದನ್ನೇ ಖಾಂಬ್, ಅಂದರೆ ಕಂಬ, ಅನ್ನುತ್ತಾರೆ. ಯಾರೂ ಯಾರನ್ನೂ ಕೇಳಿ ಇಟ್ಟ ಹೆಸರಲ್ಲ, ನೆಟ್ಟಗೆ ನಿಂತದ್ದು ಇಬ್ಬರಿಗೂ ಹಾಗೇ ಕಂಡಿದೆ.

ಟೋಪಿಯನ್ನು ಆರನೇ ಸುತ್ತಿನವರೆಗೆ ಬಿಚ್ಚಿಸಿದೆ. ಅದಕ್ಕಿಂತ ಕೆಳಗಿನ ತೂತು ಉಲ್ಲನ್ ಹೂವಿನಡಿ ಮುಚ್ಚುತ್ತದೆ.