ಪ್ರೋಟಾನ್ ಜಾಸ್ತಿ ಇರುವ ಪರಮಾಣುಗಳು ಎಲ್ಲಿಂದ ಬಂದವು?

"ಕಬ್ಬಿಣಕ್ಕಿಂತ ಭಾರದ ಧಾತುಗಳು ನಕ್ಷತ್ರದಲ್ಲಿ ನ್ಯೂಟ್ರಾನ್ ನುಂಗಿ ಹುಟ್ಟಿದವು ಅಂತೀರಿ. ಹಾಗಾದರೆ ನ್ಯೂಟ್ರಾನ್ ಕಡಿಮೆ ಇರೋವು ಹೇಗೆ ಆದವು?" ಕೇಳಿದವರು ಚಳ್ಳಕೆರೆಯ ವಿಜ್ಞಾನ ಶಿಕ್ಷಕರೊಬ್ಬರು.

ಮೇಷ್ಟ್ರೇ, ನಿಮ್ಮೂರಿನ ಶೇಂಗಾ ಹೊಲದಲ್ಲೇ ಉದಾಹರಣೆ ಇದೆ. ಶೇಂಗಾ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾಗಳಿಗೆ ಮಾಲಿಬ್ಡಿನಮ್ ಬೇಕೇ ಬೇಕು. ಆ ಮಾಲಿಬ್ಡಿನಮ್‌ನಲ್ಲಿ ಹೆಚ್ಚುಕಡಿಮೆ ಕಾಲುಭಾಗ ನೀವು ಕೇಳಿದ ಜಾತಿಯದೇ: ಮಾಲಿಬ್ಡಿನಮ್-92 ಮತ್ತು 94. (ಪ್ರೋಟಾನ್ ಜಾಸ್ತಿ ಅಂದರೆ ನ್ಯೂಟ್ರಾನಿಗಿಂತ ಜಾಸ್ತಿ ಅಂತಲ್ಲ. 92ರಲ್ಲಿ 42 ಪ್ರೋಟಾನ್, 50 ನ್ಯೂಟ್ರಾನ್. ಅದೇ ಧಾತುವಿನ ಉಳಿದ ಐಸೊಟೋಪುಗಳಿಗಿಂತ, ಅಂದರೆ ಪ್ರೋಟಾನ್ ಅಷ್ಟೇ ಇದ್ದು ನ್ಯೂಟ್ರಾನ್ ಸಂಖ್ಯೆ ಬೇರೆಯಾದ ರೂಪಗಳಿಗಿಂತ, ನ್ಯೂಟ್ರಾನ್ ಕಡಿಮೆ, ಅಷ್ಟೇ.)

ನ್ಯೂಟ್ರಾನ್ ತುಂಬಿಕೊಂಡ ನ್ಯೂಕ್ಲಿಯಸ್ ಬೀಟಾ ಕ್ಷಯದಲ್ಲಿ ಒಂದೊಂದೇ ನ್ಯೂಟ್ರಾನನ್ನು ಪ್ರೋಟಾನ್ ಮಾಡಿಕೊಳ್ಳುತ್ತಾ ಬರುತ್ತದೆ. ಪ್ರೋಟಾನ್, ನ್ಯೂಟ್ರಾನ್ ಸೇರಿ ಒಟ್ಟು 92 ಇರುವ ಸಾಲಿನಲ್ಲಿ ಅದಕ್ಕೆ ಮೊದಲು ಸಿಗುವ ಸ್ಥಿರ ನೆಲೆ ಜಿರ್ಕೋನಿಯಮ್-92. ಅಲ್ಲೇ ನಿಂತುಬಿಡುತ್ತದೆ, ಎರಡು ಮೆಟ್ಟಿಲು ಮೇಲಿರುವ ಮಾಲಿಬ್ಡಿನಮ್ ಸಿಗುವುದೇ ಇಲ್ಲ. ಸೆಲೆನಿಯಮ್-74ರಿಂದ ಪಾದರಸ-196ರವರೆಗೆ ಹೀಗೆ ದಾರಿ ತಪ್ಪಿದವು ಸುಮಾರು 35. ವಿಜ್ಞಾನಿಗಳಾದ ಬರ್ಬಿಜ್ ದಂಪತಿ, ಫೌಲರ್ ಮತ್ತು ಹಾಯ್ಲ್ 1957ರಲ್ಲೇ ಇವಕ್ಕೆ ಬೇರೆ ದಾರಿ ಬೇಕೆಂದು ಗುರುತಿಸಿದ್ದರು.

ಈಗ ಹೆಚ್ಚಿನವರು ಒಪ್ಪುವ ದಾರಿ ಉದುರಿಸುವುದು. ದೊಡ್ಡ ನಕ್ಷತ್ರ ಸಿಡಿದಾಗ ಆಘಾತದ ಅಲೆ ಅದರ ಆಮ್ಲಜನಕ-ನಿಯಾನ್ ಪದರವನ್ನು ಹಾದುಹೋಗುತ್ತದೆ. ಅಲ್ಲಿ ಕಾವು 200ರಿಂದ 300 ಕೋಟಿ ಡಿಗ್ರಿಗೆ ಏರಿ, ಸೆಕೆಂಡುಗಳಲ್ಲೇ ಇಳಿಯುತ್ತದೆ. ಆ ಕಾವಿನ ಗಾಮಾ ಕಿರಣಗಳು ಮೊದಲೇ ಇದ್ದ ಭಾರದ ನ್ಯೂಕ್ಲಿಯಸ್‌ಗಳಿಗೆ ಬಡಿದು ಒಂದೊಂದೇ ನ್ಯೂಟ್ರಾನ್ ಕಿತ್ತುಹಾಕುತ್ತವೆ. ನ್ಯೂಟ್ರಾನ್ ಕೀಳುವುದು ಕಷ್ಟವಾದಾಗ ಪ್ರೋಟಾನ್ ಅಥವಾ ಆಲ್ಫಾ ಕಣ (ಎರಡು ಪ್ರೋಟಾನ್, ಎರಡು ನ್ಯೂಟ್ರಾನ್‌ಗಳ ಗಂಟು) ಹೊರಬೀಳುತ್ತದೆ. ಶೇಂಗಾ ಹುರಿದ ಹಾಗೆ: ಕಾವು ಸಾಲದಿದ್ದರೆ ಸಿಪ್ಪೆ ಬಿಡದು, ಮೀರಿದರೆ ಕಾಳೇ ಸೀದುಹೋಗುತ್ತದೆ. ಇಲ್ಲಿ ಕಾವು ಮೀರಿದರೆ ಎಲ್ಲವೂ ಒಡೆದು ಕಬ್ಬಿಣದ ಆಸುಪಾಸಿಗೆ ಬಂದು ನಿಲ್ಲುತ್ತದೆ. ಇಂಧನ ಮುಗಿದು ಕುಗ್ಗಿದ ಬಿಳಿ ಕುಬ್ಜ ನಕ್ಷತ್ರಗಳ ಸ್ಫೋಟದಲ್ಲೂ ಇದು ನಡೆಯಬಹುದು.

ಭಾರದವುಗಳ ಮಟ್ಟಿಗೆ ಈ ಲೆಕ್ಕ ಸುಮಾರಾಗಿ ಹೊಂದುತ್ತದೆ. ತಕರಾರು ಇರುವುದು ಮಾಲಿಬ್ಡಿನಮ್, ರುಥೇನಿಯಮ್‌ನಲ್ಲಿ. ಈ ಬಗೆಯ ಉಳಿದ ಐಸೊಟೋಪುಗಳು ತಮ್ಮ ಧಾತುವಿನಲ್ಲಿ ಸಾಮಾನ್ಯವಾಗಿ ಶೇ 1ರ ಆಸುಪಾಸು. ಮಾಲಿಬ್ಡಿನಮ್-92 ಒಂದೇ ಸುಮಾರು ಶೇ 15. ಅಷ್ಟನ್ನು ಉದುರಿಸಲು ಬೇಕಾದ ಭಾರದ ಕಚ್ಚಾ ಮಾಲು ಆ ಪದರದಲ್ಲಿ ಇರುವುದಿಲ್ಲ. ಹಾಗಾಗಿ 2006ರಲ್ಲಿ ಇನ್ನೊಂದು ದಾರಿ ಹೊಳೆಯಿತು: ಸಿಡಿದ ನಕ್ಷತ್ರದ ನಡುವೆ ಆಗತಾನೇ ಹುಟ್ಟಿದ ನ್ಯೂಟ್ರಾನ್ ನಕ್ಷತ್ರದ ಬಳಿ ಆಂಟಿನ್ಯೂಟ್ರಿನೊ ಎಂಬ ಅತಿ ಹಗುರ ಕಣಗಳು ಕೆಲವು ಪ್ರೋಟಾನ್‌ಗಳನ್ನು ನ್ಯೂಟ್ರಾನ್ ಮಾಡಿ, ಪ್ರೋಟಾನ್ ಸೇರುತ್ತಾ ಹೋಗುವ ಸರಣಿ ನಡುವೆ ನಿಲ್ಲದಂತೆ ನೋಡಿಕೊಳ್ಳುತ್ತವೆ. ನನಗೆ ಇದು ಆಕರ್ಷಕವಾಗಿ ಕಂಡರೂ ಚರ್ಚೆ ಮುಗಿದಿಲ್ಲ.

ಪ್ರಯೋಗಾಲಯದಲ್ಲಿ ಕೆಲಸ ತಿರುಗುಮುರುಗು. ಗಾಮಾದಿಂದ ಕೀಳುವ ಬದಲು, ಆಲ್ಫಾ ಅಥವಾ ಪ್ರೋಟಾನ್ ಹೊಡೆದು ಅಂಟಿಸಿ, ಅದೆಷ್ಟು ಸುಲಭವೆಂದು ಅಳೆದು, ಉಲ್ಟಾ ಕ್ರಿಯೆಯ ವೇಗ ಲೆಕ್ಕಹಾಕುತ್ತಾರೆ. ಕಣಗಳಿಗೆ ವೇಗ ಕೊಡುವ ಯಂತ್ರವಾದ ಕೋಲ್ಕತ್ತಾದ ಸೈಕ್ಲೋಟ್ರಾನ್‌ನಲ್ಲೂ ಇಂಥ ಅಳತೆಗಳು ನಡೆದಿವೆ.