ಕೇಬಲ್‌ನಲ್ಲಿ ಸರಿ, ಬ್ಲೂಟೂತ್‌ನಲ್ಲಿ ಯಾಕಿಲ್ಲ? ಯುಡೆವ್ ನಿಯಮದ ಟಿಪ್ಪಣಿ

ಸಾಗರದಲ್ಲಿ ಎರಡು ದಿನದಿಂದ ಬಿಡದೆ ಮಳೆ. ಕರೆಂಟ್ ಇದ್ದಷ್ಟು ಹೊತ್ತು ಒಂದು ಗೇಮ್‌ಪ್ಯಾಡ್ ಜೊತೆ ಗುದ್ದಾಡಿದೆ. ಮರೆತುಹೋಗುವ ಮುಂಚೆ ಬರೆದಿಡುತ್ತಿದ್ದೇನೆ.

ಪ್ಯಾಡ್ ಸೋನಿ ಪ್ಲೇಸ್ಟೇಷನ್‌ನ ಡ್ಯುಯಲ್‌ಶಾಕ್ 4. ಕೇಬಲ್ ಚುಚ್ಚಿದರೆ ನನ್ನ ಪೈಥಾನ್ ಪ್ರೋಗ್ರಾಂ ಅದನ್ನು ಓದುತ್ತಿತ್ತು. ಬ್ಲೂಟೂತ್‌ನಲ್ಲಿ ಜೋಡಿಸಿದರೆ ಪರ್ಮಿಷನ್ ಇಲ್ಲ ಅನ್ನುತ್ತಿತ್ತು. ಲಿನಕ್ಸ್‌ನಲ್ಲಿ ಪ್ಯಾಡ್‌ನಂಥ ಸಾಧನದ ಡೇಟಾ ನೇರವಾಗಿ ಓದಲು ಇರುವ ಹಿಡ್‌ರಾ (hidraw) ಫೈಲ್‌ಗಳು ಸಾಮಾನ್ಯವಾಗಿ ರೂಟ್, ಅಂದರೆ ಅಡ್ಮಿನ್, ಕೈಯಲ್ಲಿರುತ್ತವೆ. ನಮಗೆ ಬಿಟ್ಟುಕೊಡಲು ಯುಡೆವ್ (udev) ನಿಯಮ ಬೇಕು; ಸಾಧನ ಜೋಡಿಸಿದಾಗ ಅದರ ಫೈಲ್ ಯಾರ ಕೈಗೆ ಅಂತ ನೋಡಿಕೊಳ್ಳುವ ಲಿನಕ್ಸ್ ಭಾಗ ಅದು. ನಿಯಮದಲ್ಲಿ ಎರಡು ಸಮಚಿಹ್ನೆ ಅಂದರೆ ಹೋಲಿಸು, ಒಂದೇ ಅಂದರೆ ಕೊಡು. ಇಷ್ಟು ಗೊತ್ತಿದ್ದರೆ ಸಾಕು.

ನಾನು ಸಿಕ್ಕಿಬಿದ್ದ ಜಾಗಕ್ಕೆ ಬರೋಣ. ನನ್ನ ಹಳೆಯ ನಿಯಮ ಐಡಿವೆಂಡರ್ (ಕಂಪನಿಯ ನಂಬರ್) 054ಸಿ, ಐಡಿಪ್ರಾಡಕ್ಟ್ (ಮಾಡೆಲ್ ನಂಬರ್) 09ಸಿಸಿ ಎಂದು ಹುಡುಕುತ್ತಿತ್ತು. ಈ ಎರಡೂ ಗುರುತು ಇರುವುದು ಯುಎಸ್‌ಬಿ ಸಾಧನದ ಮೇಲೆ. ಹಿಡ್‌ರಾ ಅದರ ಮೊಮ್ಮಗ ಇದ್ದ ಹಾಗೆ, ಯುಡೆವ್ ಮೇಲೆ ಹತ್ತಿ ಹುಡುಕುತ್ತದೆ. ಬ್ಲೂಟೂತ್‌ನಲ್ಲಿ ಬಂದಾಗ ನನ್ನ ಲ್ಯಾಪ್‌ಟಾಪ್‌ನಲ್ಲಿ ಆ ಅಜ್ಜನೇ ಇಲ್ಲ! ಸಾಧನ ಮತ್ತು ಅದರ ಮೇಲಿನವರ ಗುರುತು ತೋರಿಸುವ ಯುಡೆವ್‌ಆಡ್ಮ್ ಇನ್ಫೋ ಕಮಾಂಡ್‌ಗೆ ಮೈನಸ್ ಎ ಕೊಟ್ಟು ನೋಡಿದೆ. ಹಿಡ್‌ರಾದ ಅಪ್ಪನ ಭಾಗದಲ್ಲಿ ಕರ್ನಲ್ಸ್ (KERNELS, ಕರ್ನಲ್ ಇಟ್ಟ ಹೆಸರು) ಎದುರು ಇದ್ದದ್ದು ಇದು: 0005:054ಸಿ:09ಸಿಸಿ.0001. ಮೊದಲ 0005 ಅಂದರೆ ಬ್ಲೂಟೂತ್. ಯುಎಸ್‌ಬಿ ಆಗಿದ್ದರೆ 0003. ಕೊನೆಯ ನಂಬರ್ ಪ್ರತಿ ಸಲ ಬದಲಾಗುತ್ತದೆ, ಅಲ್ಲಿ ಏನಿದ್ದರೂ ಸರಿ ಅನ್ನುವ ನಕ್ಷತ್ರ ಚಿಹ್ನೆ ಹಾಕಬೇಕು.

ಸರಿ, ಐಡಿವೆಂಡರ್, ಕರ್ನಲ್ಸ್ ಎರಡನ್ನೂ ಒಂದೇ ಸಾಲಿಗೆ ಸೇರಿಸೋಣ ಅಂದುಕೊಂಡೆ. ಆಗ ಕೇಬಲ್ ಕೂಡ ಕೆಲಸ ಮಾಡುವುದು ನಿಂತಿತು. ಈ ಒಂದು ವಿಷಯಕ್ಕೇ ಅರ್ಧ ದಿನ ಹೋಯ್ತು. ಒಂದು ನಿಯಮದಲ್ಲಿ ಮೇಲಿನವರ ಗುರುತು ಎಷ್ಟು ಕೊಟ್ಟರೂ ಎಲ್ಲವೂ ಒಬ್ಬರದ್ದೇ ಆಗಿರಬೇಕು. ಅಪ್ಪನ ಹೆಸರು, ಅಜ್ಜನ ಮನೆತನ ಬೆರೆಸಿ ಕೇಳಿದರೆ ಅಂಥವರು ಯಾರೂ ಇಲ್ಲ ಅನ್ನುತ್ತದೆ. ಅದೂ ಬಾಯಿಬಿಟ್ಟು ಹೇಳುವುದಿಲ್ಲ, ಎರರ್ ಕೊಡದೆ ಸುಮ್ನೆ ಮುಂದಿನ ಸಾಲಿಗೆ ಹೋಗುತ್ತದೆ. ಕರ್ನಲ್ಸ್ ಹೆಸರು ಅಪ್ಪನದ್ದು, ಐಡಿವೆಂಡರ್ ಅಜ್ಜನದ್ದು.

ಇನ್ನೊಂದು ಕಿರಿಕಿರಿ: ಐಡಿವೆಂಡರ್‌ನಲ್ಲಿ ಇಂಗ್ಲಿಷಿನ ಸಣ್ಣ ಸಿ, ಕರ್ನಲ್ಸ್‌ನಲ್ಲಿ ದೊಡ್ಡ ಸಿ. ಅಲ್ಲಿಂದ ಇಲ್ಲಿಗೆ ಕಾಪಿ ಮಾಡಿದರೆ ಹೊಂದುವುದಿಲ್ಲ.

ನನಗೆ ಇಷ್ಟವಾದ ಸುಲಭ ದಾರಿ ಹೇಳುತ್ತೇನೆ. ಐಡಿವೆಂಡರ್ ಸಹವಾಸವೇ ಬೇಡ. ಕರ್ನಲ್ಸ್ ಮಾತ್ರ ಇಟ್ಟು, 0005 ಇದ್ದ ಜಾಗಕ್ಕೂ ನಕ್ಷತ್ರ ಹಾಕಿ. ಕೇಬಲ್, ಬ್ಲೂಟೂತ್ ಎರಡಕ್ಕೂ ಒಂದೇ ಸಾಲು ಸಾಕು.

ಇಷ್ಟಾದರೂ ಬ್ಲೂಟೂತ್ ಕೈಕೊಟ್ಟಿತು, ಅದು ಫೈಲ್ ಹೆಸರಿನಿಂದ. ನಿಯಮದ ಫೈಲ್‌ಗಳನ್ನು ಯುಡೆವ್ ಹೆಸರಿನ ಮೊದಲ ನಂಬರ್ ಕ್ರಮದಲ್ಲಿ ಓದುತ್ತದೆ. ಪರ್ಮಿಷನ್ ಕೊಡಲು ನಾನು ಹಾಕಿದ್ದು ಯುಆಕ್ಸೆಸ್ ಟ್ಯಾಗ್, ಅಂದರೆ ಲಾಗಿನ್ ಆಗಿರುವವರಿಗೆ ಬಿಟ್ಟುಕೊಡು ಅನ್ನುವ ಗುರುತು. ಆ ಟ್ಯಾಗ್ ನೋಡಿ ಕೆಲಸ ಮಾಡುವುದು 73ರಿಂದ ಶುರುವಾಗುವ ಸಿಸ್ಟಂ ಫೈಲ್. ನನ್ನ ಹೊಸ ಸಾಲು 99ರ ಫೈಲಿನಲ್ಲಿತ್ತು. ಬಸ್ಸು ಹೋದ ಮೇಲೆ ಸ್ಟ್ಯಾಂಡಿಗೆ ಬಂದಂತೆ! 70 ಮಾಡಿದೆ, ಯುಡೆವ್‌ಆಡ್ಮ್ ಕಂಟ್ರೋಲ್‌ನಿಂದ ರೀಲೋಡ್ ಮಾಡಿದೆ, ಪ್ಯಾಡ್ ಆಫ್ ಮಾಡಿ ಮತ್ತೆ ಜೋಡಿಸಿದೆ. ಪ್ರೋಗ್ರಾಂ ತೆರೆದರೆ ಬಟನ್ ಒತ್ತಿದ್ದಕ್ಕೆಲ್ಲ ನಂಬರ್ ಉದುರತೊಡಗಿದವು.