ಸಪ್ಲಿಮೆಂಟ್ ಡಬ್ಬಿ ಎಸೆಯುವ ಮುಂಚೆ ತಳ ನೋಡಿ

ಮೊನ್ನೆ ಒಬ್ಬರು ನಮ್ಮ ಔಷಧಿ ಅಂಗಡಿಗೆ ಬಂದು, ಏಳು ಖಾನೆಯ ಮಾತ್ರೆ ಪೆಟ್ಟಿಗೆ ತೆರೆದಿಟ್ಟರು. "ಈ ಕ್ಯಾಪ್ಸೂಲನ್ನು ಕಂಪನಿ ವಾಪಸ್ ತರಿಸಿಕೊಳ್ತಿದೆಯಂತೆ, ನನ್ನದೂ ಅದೇನಾ ನೋಡಿ" ಅಂದರು. ನೋಡಿ ಏನು ಹೇಳಲಿ? ಕಂದು ಬಣ್ಣದ ಕ್ಯಾಪ್ಸೂಲ್, ಮೈಮೇಲೆ ಒಂದಕ್ಷರವೂ ಇಲ್ಲ. ಡಬ್ಬಿ ಕಸಕ್ಕೆ ಹೋಗಿ ಎರಡು ವಾರವಾಗಿತ್ತು.

ಹೀಗೆ ಕಂಪನಿ ಮಾಲು ವಾಪಸ್ ತರಿಸಿಕೊಳ್ಳುವುದೇ ರೀಕಾಲ್. ಹಾಗಂದರೆ ಆ ಬ್ರ್ಯಾಂಡಿನ ಮಾಲೆಲ್ಲಾ ಕೆಟ್ಟಿದೆ ಅಂತಲ್ಲ. ಎಷ್ಟೋ ಸಲ ಒಂದೆರಡು ಬ್ಯಾಚ್ (ಒಂದೇ ಸಲಕ್ಕೆ ತಯಾರಾದ ಮಾಲು) ಮಾತ್ರ ವಾಪಸ್ ಹೋಗುತ್ತವೆ. ಡಬ್ಬಿಯ ತಳದಲ್ಲೋ ಲೇಬಲ್ಲಿನ ಅಂಚಿನಲ್ಲೋ ಮಸುಕಾಗಿ ಒತ್ತಿರುವ ಬ್ಯಾಚ್ ನಂಬರನ್ನೂ ಎಕ್ಸ್‌ಪೈರಿ ತಾರೀಖನ್ನೂ ಕಂಪನಿಯ ಅಥವಾ ಸರ್ಕಾರದ ಪ್ರಕಟಣೆಯ ಜೊತೆ ಒಂದೊಂದೇ ಅಕ್ಷರ ಹೊಂದಿಸಿ ನೋಡಬೇಕು. ವಾಟ್ಸಾಪಿನಲ್ಲಿ ಬಂದ ಫೋಟೋ ಸಾಲದು.

ಗಿಡಮೂಲಿಕೆ ತಾನೇ, ಏನಾಗುತ್ತೆ ಅಂತ ಸುಮ್ನೆ ಮುಂದುವರಿಸುವವರು ಜಾಸ್ತಿ. 2024ರ ಮಾರ್ಚ್‌ನಲ್ಲಿ ಜಪಾನಿನಲ್ಲಿ, ಕೊಲೆಸ್ಟ್ರಾಲ್ ಇಳಿಯುತ್ತದೆಂದು ಜನ ನುಂಗುತ್ತಿದ್ದ ಕೆಂಪು ಯೀಸ್ಟ್ ಅಕ್ಕಿಯ ಮಾತ್ರೆಗಳನ್ನು ವಾಪಸ್ ತರಿಸಿಕೊಂಡರು. ತಗೊಂಡವರಲ್ಲಿ ಹಲವರ ಕಿಡ್ನಿಗೆ ಪೆಟ್ಟು ಬಿದ್ದಿತ್ತು. ತನಿಖೆಯಲ್ಲಿ ಸಿಕ್ಕಿದ್ದು ಪ್ಯೂಬೆರುಲಿಕ್ ಆಸಿಡ್, ತಯಾರಿಕೆಯ ವೇಳೆ ಸೇರಿಕೊಂಡ ಬೂಷ್ಟಿನಿಂದ ಹುಟ್ಟುವಂಥದ್ದು. ಲೇಬಲ್ ಓದಿ ಇದು ಗೊತ್ತಾಗುತ್ತದಾ? ಇನ್ನು ತೂಕ ಇಳಿಸುವ ಮಾತ್ರೆಗಳಲ್ಲಿ, ಹೃದಯಕ್ಕೆ ಅಪಾಯವೆಂದು 2010ರಲ್ಲಿ ಅಮೆರಿಕ, ಯುರೋಪಿನಲ್ಲಿ ಮಾರಾಟ ನಿಂತ ಸಿಬುಟ್ರಮಿನ್ ಅನ್ನುವ ಔಷಧಿ ಆಮೇಲೂ ಗುಟ್ಟಾಗಿ ಬೆರೆತಿದ್ದು ಮತ್ತೆ ಮತ್ತೆ ಪತ್ತೆಯಾಗಿದೆ. ಇದು ನನಗೆ ತುಂಬಾ ಸಿಟ್ಟು ತರಿಸುವ ವಿಷಯ. ಬೇಕೆಂದೇ ಬೆರೆಸಿ, ಲೇಬಲ್ಲಿನಲ್ಲಿ ಮುಚ್ಚಿಡುತ್ತಾರೆ, ಅಲ್ವಾ?

ನಂಬರ್ ಹೊಂದಿದರೆ ಆ ಕ್ಷಣವೇ ನುಂಗುವುದನ್ನು ನಿಲ್ಲಿಸಿ. "ನನಗೇನೂ ಆಗಿಲ್ಲ" ಅಂತ ಉಳಿದದ್ದನ್ನು ಮುಗಿಸಬೇಡಿ. ಲಿವರ್ ಆಗಲಿ ಕಿಡ್ನಿ ಆಗಲಿ, ಶುರುವಿನಲ್ಲಿ ಸದ್ದಿಲ್ಲದೆ ಕೆಡುತ್ತವೆ. ಡಬ್ಬಿಯನ್ನು ಬಿಲ್ ಸಮೇತ ಒಂದು ಕವರಿಗೆ ಹಾಕಿ ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ದುಡ್ಡು ವಾಪಸ್ ಕೇಳಲೂ, ಮುಂದೆ ಪರೀಕ್ಷೆ ಮಾಡಿಸಲೂ ಅದು ಬೇಕು. ಕಣ್ಣು ಹಳದಿಯಾಗಿದ್ದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದ್ದರೆ, ಕಾಲು ಊದಿಕೊಂಡಿದ್ದರೆ ಡಬ್ಬಿ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ. ಏನು, ಎಷ್ಟು, ಎಷ್ಟು ದಿನದಿಂದ ತಗೊಂಡಿರಿ, ಎಲ್ಲಾ ಹೇಳಿ. ಸಪ್ಲಿಮೆಂಟ್ ಔಷಧಿಯಲ್ಲ ಅಂತ ಇದನ್ನೇ ಹೇಳದೆ ಬಿಡುವವರು ಬಹಳ.

ಒಂದು ಎಚ್ಚರಿಕೆ. ಗರ್ಭಿಣಿಗೆ ಡಾಕ್ಟರು ಬರೆದುಕೊಟ್ಟ ಕಬ್ಬಿಣದ ಮಾತ್ರೆಯೇ ರೀಕಾಲ್ ಆದರೆ ಆ ಡಬ್ಬಿ ಬಿಡಬೇಕು, ಕಬ್ಬಿಣ ಬಿಡಬಾರದು. ಬೇರೆ ಬ್ರ್ಯಾಂಡ್ ಯಾವುದು ಅಂತ ಅವತ್ತೇ ಕೇಳಿಕೊಳ್ಳಿ.

ಆ ಪೆಟ್ಟಿಗೆಯವರ ಕ್ಯಾಪ್ಸೂಲು ಯಾವ ಬ್ಯಾಚಿನದೆಂದು ಕೊನೆಗೂ ಗೊತ್ತಾಗಲಿಲ್ಲ. ಎಲ್ಲವನ್ನೂ ಬೇರೆ ತೆಗೆಸಿದೆ. ಹೊಸ ಡಬ್ಬಿ ಕೊಳ್ಳುವಾಗ, ಅದರ ತಳದ ಫೋಟೋವನ್ನು ಅಲ್ಲೇ ನಿಂತು ಅವರ ಮೊಬೈಲಿನಲ್ಲಿ ತೆಗೆಸಿ ಕಳಿಸಿದೆ.